ಟೈಮ್‌ಲೈನ್ ಬೇರೆ ತಂತ್ರಾಂಶಕ್ಕೆ ಹೋದಾಗ ದೃಶ್ಯಗಳು ಅದಲುಬದಲಾಗುವುದೇಕೆ?

ಪ್ರಶ್ನೆ: ನಲವತ್ತು ನಿಮಿಷಗಳ ಸಾಕ್ಷ್ಯಚಿತ್ರವೊಂದನ್ನು ಪ್ರೀಮಿಯರ್ ಪ್ರೊ ತಂತ್ರಾಂಶದಲ್ಲಿ ಸಂಕಲಿಸಿ, ಕಲರ್ ಗ್ರೇಡಿಂಗ್‌ಗಾಗಿ (ಬಣ್ಣ ಹೊಂದಿಸಲು) ಫೂಟೇಜ್ ಇದ್ದ ಹಾರ್ಡ್ ಡಿಸ್ಕ್ ಹಾಗೂ ಟೈಮ್‌ಲೈನ್‌ನ (ಕ್ಲಿಪ್‌ಗಳನ್ನು ಜೋಡಿಸಿದ ಕ್ರಮದ) ಎಕ್ಸ್‌ಎಂಎಲ್ ಕಡತವನ್ನು ಸ್ನೇಹಿತರಿಗೆ ಕಳುಹಿಸಿದೆ. ಅವರ ಡಾವಿಂಚಿ ರಿಸಾಲ್ವ್‌ನಲ್ಲಿ ಕೆಲವು ಶಾಟ್‌ಗಳ ಜಾಗದಲ್ಲಿ ಬೇರೆಯೇ ದೃಶ್ಯಗಳು ಬಂದಿವೆ. ಕನ್ನಡ ಶೀರ್ಷಿಕೆಗಳು ಕಾಣೆಯಾಗಿವೆ. ತಪ್ಪು ಎಲ್ಲಿ ಆಗಿದೆ?
– ಓದುಗರೊಬ್ಬರು, ಧಾರವಾಡ

ಉತ್ತರ: ಎಕ್ಸ್‌ಎಂಎಲ್ ಕಡತದಲ್ಲಿ ದೃಶ್ಯಗಳೇ ಇರುವುದಿಲ್ಲ. ಯಾವ ಕ್ಲಿಪ್ಪಿನ ಯಾವ ಭಾಗ, ಯಾವ ಟ್ರ್ಯಾಕ್‌ನಲ್ಲಿ, ಎಷ್ಟು ಹೊತ್ತು ಇರಬೇಕೆಂಬ ವಿವರ ಮತ್ತು ಆ ಕ್ಲಿಪ್ ನಿಮ್ಮ ಕಂಪ್ಯೂಟರಿನಲ್ಲಿದ್ದ ವಿಳಾಸ ಮಾತ್ರ ಅದರಲ್ಲಿರುತ್ತದೆ. ಸ್ನೇಹಿತರ ಕಂಪ್ಯೂಟರಿನಲ್ಲಿ ಆ ವಿಳಾಸ ಸಿಗದಿದ್ದಾಗ ರಿಸಾಲ್ವ್ ಕಡತದ ಹೆಸರನ್ನೂ ಟೈಮ್‌ಕೋಡನ್ನೂ (ಪ್ರತಿ ಫ್ರೇಮಿಗೆ ಅಂಟಿದ ಸಮಯದ ಗುರುತು) ನೋಡಿ ಹುಡುಕುತ್ತದೆ. ಹಲವು ಕ್ಯಾಮೆರಾಗಳು ಹೊಸ ಕಾರ್ಡ್ ಹಾಕಿದಾಗಲೆಲ್ಲ ಸಿ0001 ಎಂಬ ಹೆಸರಿನಿಂದಲೇ ಮತ್ತೆ ಎಣಿಕೆ ಆರಂಭಿಸುವುದರಿಂದ, ಐದು ಕಾರ್ಡ್‌ಗಳಲ್ಲಿ ಐದು ಸಿ0001 ಇರಬಹುದು. ಟೈಮ್‌ಕೋಡ್ ಕೂಡ ಪ್ರತಿ ಸಲ ಸೊನ್ನೆಯಿಂದ ಶುರುವಾಗಿದ್ದರೆ ತಂತ್ರಾಂಶಕ್ಕೆ ಅವು ಬೇರೆ ಬೇರೆ ಎಂದು ತಿಳಿಯುವ ದಾರಿಯೇ ಇಲ್ಲ. ನಿಮ್ಮಲ್ಲಿ ಆಗಿರುವುದು ಬಹುಶಃ ಇದೇ. ಮುಂದಿನ ಚಿತ್ರದಲ್ಲಿ, ಸಂಕಲನ ಆರಂಭಿಸುವ ಮೊದಲೇ ಪ್ರತಿ ಕಡತದ ಹೆಸರಿಗೆ ದಿನಾಂಕ ಮತ್ತು ಕಾರ್ಡ್ ಸಂಖ್ಯೆಯನ್ನು ಸೇರಿಸಿಬಿಡಿ. ಈ ಚಿತ್ರದ ಮಟ್ಟಿಗೆ, ತಪ್ಪಿದ ಕ್ಲಿಪ್‌ಗಳನ್ನು ಸರಿಯಾದ ಫೋಲ್ಡರಿಗೆ ಒಂದೊಂದಾಗಿ ಜೋಡಿಸುವ ಬೇಸರದ ಕೆಲಸ ತಪ್ಪದು.

ಕಟ್‌ಗಳು, ಸರಳ ಡಿಸಾಲ್ವ್‌ಗಳು (ಒಂದು ದೃಶ್ಯ ಕರಗಿ ಇನ್ನೊಂದಾಗುವುದು), ಚಿತ್ರದ ಗಾತ್ರ ಮತ್ತು ಸ್ಥಾನ ಸಾಮಾನ್ಯವಾಗಿ ಉಳಿದು ಬರುತ್ತವೆ. ಪ್ರೀಮಿಯರ್‌ನ ಬಣ್ಣದ ಸಾಧನವಾದ ಲ್ಯುಮೆಟ್ರಿಯಲ್ಲಿ ಮಾಡಿದ ಬಣ್ಣ, ಅಲುಗಾಟ ತಗ್ಗಿಸುವ ವಾರ್ಪ್ ಸ್ಟೆಬಿಲೈಸರ್, ಹೊರಗಿನ ಪ್ಲಗಿನ್‌ಗಳು ಬರುವುದಿಲ್ಲ. ಆದ್ದರಿಂದ ಸಂಕಲನ ಅಂತಿಮಗೊಂಡ ಮೇಲೆ ಸೀಕ್ವೆನ್ಸ್‌ನ (ಸಂಕಲಿಸಿದ ಟೈಮ್‌ಲೈನ್‌ನ) ಒಂದು ನಕಲು ಪ್ರತಿ ಮಾಡಿಕೊಂಡು, ಅದರಲ್ಲಿ ಮಲ್ಟಿಕ್ಯಾಮ್ (ಹಲವು ಕ್ಯಾಮೆರಾಗಳ) ಕ್ಲಿಪ್‌ಗಳನ್ನು ಫ್ಲ್ಯಾಟನ್ ಮಾಡಿ, ಅಂದರೆ ಆಯ್ದ ಕ್ಯಾಮೆರಾದ ಕ್ಲಿಪ್ ಮಾತ್ರ ಉಳಿಸಿ, ನೆಸ್ಟ್‌ಗಳನ್ನು (ಒಂದರೊಳಗೊಂದು ಸೇರಿಸಿದ ಸೀಕ್ವೆನ್ಸ್‌ಗಳನ್ನು) ಬಿಡಿಸಿ, ಆ ಪ್ರತಿಯನ್ನಷ್ಟೇ ಕಳುಹಿಸಬೇಕು. ಜೊತೆಗೆ, ಟೈಮ್‌ಕೋಡ್ ಪರದೆಯ ಮೇಲೆಯೇ ಕಾಣುವಂತೆ ಇಡೀ ಚಿತ್ರವನ್ನು ಒಂದು ಕಡತವಾಗಿ ರೆಂಡರ್ ಮಾಡಿ ಕೊಡಿ. ಅದನ್ನು ರಿಸಾಲ್ವ್‌ನಲ್ಲಿ ಆಫ್‌ಲೈನ್ ರೆಫರೆನ್ಸ್ ಆಗಿ ಇಟ್ಟುಕೊಂಡು ಪ್ರತಿ ಕಟ್ಟನ್ನೂ ಹೋಲಿಸಿ ನೋಡಬಹುದು. ಇದೊಂದಿದ್ದಿದ್ದರೆ ಅದಲುಬದಲಾದ ಶಾಟ್‌ಗಳು ಮೊದಲ ದಿನವೇ ಕಣ್ಣಿಗೆ ಬೀಳುತ್ತಿದ್ದವು.

ಶೀರ್ಷಿಕೆಗಳೂ ಹೀಗೆಯೇ ದಾಟಿ ಬಂದಿಲ್ಲ; ಅವನ್ನು ಸ್ನೇಹಿತರಿಂದ ಮತ್ತೆ ಟೈಪ್ ಮಾಡಿಸಬೇಡಿ. ಹಳೆಯ ನುಡಿ ಫಾಂಟಿನಲ್ಲಿ ಬರೆದ ಪಠ್ಯ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಯೂನಿಕೋಡ್ ಬಳಸಿದರೂ, ಭಾರತೀಯ ಲಿಪಿಗಳಿಗೆ ಬೇಕಾದ ಸೆಟ್ಟಿಂಗ್ ಇಲ್ಲದ ಕಡೆ ಒತ್ತಕ್ಷರಗಳು ಒಡೆಯುತ್ತವೆ. ಪಾರದರ್ಶಕ ಹಿನ್ನೆಲೆಯೊಂದಿಗೆ ಪ್ರೊರೆಸ್ 4444 ಎಂಬ ವಿಡಿಯೊ ಮಾದರಿಯಲ್ಲಿ ರೆಂಡರ್ ಮಾಡಿ ಕೊಟ್ಟರೆ ಯಾವ ತಂತ್ರಾಂಶದಲ್ಲಾದರೂ ಅಕ್ಷರ ಹಾಗೆಯೇ ಉಳಿಯುತ್ತದೆ.

ಪ್ರಶ್ನೆ: ಫೈನಲ್ ಕಟ್ ಪ್ರೊದಿಂದ ಪಡೆದ ಎಕ್ಸ್‌ಎಂಎಲ್ ಕಡತ ನನ್ನ ಪ್ರೀಮಿಯರ್‌ನಲ್ಲಿ ತೆರೆಯುತ್ತಿಲ್ಲವೇಕೆ?
– ಓದುಗರೊಬ್ಬರು, ಹಾಸನ

ಉತ್ತರ: ಹೆಸರು ಒಂದೇ, ಭಾಷೆ ಬೇರೆ. ಪ್ರೀಮಿಯರ್ ಬಳಸುವುದು ಹಳೆಯ ಫೈನಲ್ ಕಟ್ 7ರ ಎಕ್ಸ್‌ಎಂಎಲ್. 2011ರಲ್ಲಿ ಹೊಸದಾಗಿ ಬಂದ ಫೈನಲ್ ಕಟ್‌ನದು ಎಫ್‌ಸಿಪಿಎಕ್ಸ್‌ಎಂಎಲ್. ರಿಸಾಲ್ವ್ ಎರಡನ್ನೂ ಓದುವುದರಿಂದ, ಕಡತವನ್ನು ಅಲ್ಲಿ ತೆರೆದು ಫೈನಲ್ ಕಟ್ 7ರ ಮಾದರಿಯಲ್ಲಿ ಮತ್ತೆ ಎಕ್ಸ್‌ಪೋರ್ಟ್ ಮಾಡಿಕೊಳ್ಳಿ. ರಿಸಾಲ್ವ್‌ನ ಉಚಿತ ಆವೃತ್ತಿಯೇ ಇದಕ್ಕೆ ಸಾಕು.