ಪೋರ್ಚುಗಲ್‌ನ ಜನ ದಿನಾ ಏನು ತಿನ್ನುತ್ತಾರೆ?

ಬೆಳಗ್ಗೆ ನಮ್ಮ ಹಾಗೆ ಹೊಟ್ಟೆತುಂಬ ತಿಂಡಿ ತಿನ್ನುವ ರೂಢಿ ಅಲ್ಲಿಲ್ಲ. ಹಾಲು ಹಾಕಿದ ಕಾಫಿ, ಬೆಣ್ಣೆ ಸವರಿದ ಬ್ರೆಡ್ಡು, ಅಷ್ಟೇ. ಮಧ್ಯಾಹ್ನದ್ದೇ ಗಟ್ಟಿ ಊಟ. ರಾತ್ರಿ ಊಟಕ್ಕೆ ಎಂಟು ಗಂಟೆ ಆಗುತ್ತದೆ. ಊಟ ಶುರುವಾಗುವುದು ಹೆಚ್ಚಾಗಿ ಸೂಪಿನಿಂದ. ಆಲೂಗಡ್ಡೆ ಅರೆದು, ಸಣ್ಣಗೆ ಹೆಚ್ಚಿದ ಸೊಪ್ಪು ಹಾಕಿದ 'ಕಾಲ್ದು ವೆರ್ದ್' ಬಹಳ ಪ್ರಸಿದ್ಧ.

ಎಲ್ಲರೂ ಹೇಳುವ ಹೆಸರು 'ಬಕಲ್ಯಾವ್', ಅಂದರೆ ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನು. ತಮಾಷೆ ಏನೆಂದರೆ, ಈ ಮೀನು ಅವರ ಕಡಲಲ್ಲಿ ಸಿಗುವುದಿಲ್ಲ. ನಾರ್ವೆ ಕಡೆಯ ತಣ್ಣನೆಯ ಸಮುದ್ರದಿಂದ ಬರಬೇಕು. ಉಪ್ಪು ಬಿಡಲು ಒಂದೆರಡು ದಿನ ನೀರು ಬದಲಿಸುತ್ತಾ ನೆನೆಸುತ್ತಾರೆ. ಕ್ರಿಸ್‌ಮಸ್ ಹಿಂದಿನ ರಾತ್ರಿ ಆಲೂಗಡ್ಡೆ, ಕೋಸಿನ ಜೊತೆ ಬೇಯಿಸಿ, ಆಲಿವ್ ಎಣ್ಣೆ ಸುರಿದು ತಿನ್ನುತ್ತಾರೆ.

ಅನ್ನವೂ ಜಾಸ್ತಿ! ಯುರೋಪಿನಲ್ಲಿ ತಲಾವಾರು ಅಕ್ಕಿ ಹೆಚ್ಚು ತಿನ್ನುವವರು ಇವರೇ. ಅನ್ನದ ಪಾಯಸದ ಮೇಲೆ ದಾಲ್ಚಿನ್ನಿ ಪುಡಿಯಲ್ಲಿ ಚಿತ್ತಾರ ಬಿಡಿಸುತ್ತಾರೆ, ಥೇಟ್ ರಂಗೋಲಿ.

ಹೋಟೆಲಿಗೆ ಹೋದರೆ ಒಂದು ಎಚ್ಚರ. ಕೇಳದೆಯೇ ಬ್ರೆಡ್ಡು, ಆಲಿವ್, ಚೀಸ್ ತಂದಿಡುತ್ತಾರೆ. ಸುಮ್ನೆ ಕೊಟ್ಟದ್ದಲ್ಲ, ತಿಂದರೆ ಬಿಲ್ಲಿಗೆ ಸೇರುತ್ತದೆ. ಬೇಡದಿದ್ದರೆ ಮುಟ್ಟಬೇಡಿ.

ಅಂದಹಾಗೆ, ನಮ್ಮ ಪಾವ್‌ಭಾಜಿಯ 'ಪಾವ್' ಬಂದದ್ದು ಅವರ ಭಾಷೆಯಿಂದಲೇ. ಅಲ್ಲಿ ಬ್ರೆಡ್ಡಿಗೆ 'ಪಾಂವ್' ಅಂತಾರೆ.