ಬಿಪಿ ಇರುವ 68ರ ತಂದೆಗೆ ನಡಿಗೆಯಿಂದ ಪ್ರಯೋಜನವಿದೆಯೇ?

ರಾಯಚೂರಿನಲ್ಲಿರುವ ನಿಮ್ಮ ತಂದೆಯವರ ಬಿಪಿ ನಡಿಗೆಯಿಂದ ಇಳಿಯುತ್ತದೆಯೇ ಎಂದು ಕೇಳಿದ್ದೀರಿ. ಬಹುತೇಕರಿಗೆ ಇಳಿಯುತ್ತದೆ. ಬಿರುಸಾಗಿ ನಡೆದಾಗ ರಕ್ತನಾಳಗಳ ಒಳಪದರ ನಾಳಗಳನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಡುಗಡೆ ಮಾಡುತ್ತದೆ. ವಯಸ್ಸಿನಿಂದ ಬಿಗಿದ ನಾಳಗಳು ಸಡಿಲಗೊಂಡು ಹೃದಯದ ದುಡಿಮೆ ಹಗುರಾಗುತ್ತದೆ. ವಾರಕ್ಕೆ 150 ನಿಮಿಷದಂತೆ ಕೆಲವು ತಿಂಗಳು ನಡೆದರೆ ಮೇಲಿನ ಅಂಕಿ ಸಾಮಾನ್ಯವಾಗಿ 5ರಿಂದ 8ರಷ್ಟು ತಗ್ಗುತ್ತದೆ. ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಮತ್ತೆ ಏರುತ್ತದೆ. ರಾಯಚೂರು ಕೋಟೆಯ ಗುಡ್ಡ ಹತ್ತುವುದು ಬೇಡ. ಸಮತಟ್ಟಾದ ದಾರಿಯಲ್ಲಿ, ಮಾತನಾಡಲು ಸಾಧ್ಯವಾಗಿ ಹಾಡಲು ಉಸಿರು ಸಾಲದಷ್ಟು ವೇಗ ಸಾಕು.

ನನಗೆ ಹೆಚ್ಚು ಚಿಂತೆ ನಿಮ್ಮೂರಿನ ಬಿಸಿಲಿನದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವಾಗ ನಸುಕಿನಲ್ಲೇ ನಡೆಯಲಿ. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ದೇಹದ ನೀರು ಕುಗ್ಗಿ ತಲೆಸುತ್ತು ಬರಬಹುದು. ಅಂಕಿ ಇಳಿಯಿತೆಂದು ವೈದ್ಯರನ್ನು ಕೇಳದೆ ಮಾತ್ರೆ ಬಿಡಬಾರದು. ನಡೆಯುವಾಗ ಎದೆ ಬಿಗಿದರೆ ಅಲ್ಲೇ ನಿಂತು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.