ತಣ್ಣಗಾದರೆ ಕರೆಂಟ್ ಯಾಕೆ ನಿಲ್ಲುತ್ತದೆ?

ಪ್ರಶ್ನೆ: ಲೋಹ ತಣ್ಣಗಾದಷ್ಟೂ ಕರೆಂಟ್ ಸುಲಭವಾಗಿ ಹರಿಯುತ್ತದೆ ಎಂದು ಓದಿದ್ದೇನೆ. ಆದರೆ ಕೆಲವು ಆಕ್ಸೈಡ್‌ಗಳನ್ನು ತಣ್ಣಗೆ ಮಾಡಿದರೆ ರೋಧ ಒಮ್ಮೆಲೇ ಏರುತ್ತದಂತೆ, ಅದಕ್ಕೆ ‘ಚಾರ್ಜ್ ಆರ್ಡರಿಂಗ್’ ಕಾರಣವಂತೆ. ಹಾಗಂದರೇನು? ಇದರಿಂದ ಕಾಂತಗುಣವೂ ಬದಲಾಗುತ್ತದೆಯೇ?

ಉತ್ತರ: ನಾನು ಇದನ್ನು ಮೊದಲು ಕಂಡದ್ದು ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಆಕ್ಸೈಡಿನ ಒಂದು ಪುಟ್ಟ ಕಪ್ಪು ಹರಳಿನಲ್ಲಿ. ಬೆಳ್ಳಿ ಪೇಸ್ಟ್ ಹಚ್ಚಿ ನಾಲ್ಕು ತಂತಿ ಅಂಟಿಸಿ, ಹರಳನ್ನು ದ್ರವ ನೈಟ್ರೋಜನ್ ಕಡೆಗೆ ಮೆಲ್ಲಗೆ ಇಳಿಸಿದೆ. 120 ಕೆಲ್ವಿನ್ (ಸುಮಾರು ಮೈನಸ್ 153 ಡಿಗ್ರಿ ಸೆಲ್ಸಿಯಸ್) ಹತ್ತಿರ ಬಂದದ್ದೇ ತಡ, ರೋಧ ನೂರು ಪಟ್ಟು ಜಿಗಿಯಿತು. ತಂತಿ ಕಿತ್ತುಬಂತು ಅಂದುಕೊಂಡೆ. ಮೇಲೆತ್ತಿ ಬಿಸಿಯಾಗಲು ಬಿಟ್ಟರೆ ಮತ್ತೆ ಹಳೇ ಅಂಕಿ! ಡಚ್ ವಿಜ್ಞಾನಿ ವೆರ್ವೆ 1939ರಲ್ಲಿ ವಿವರಿಸಿದ್ದು ಇದನ್ನೇ.

ಮ್ಯಾಗ್ನೆಟೈಟ್‌ನಲ್ಲಿ ಒಂದು ಬಗೆಯ ಜಾಗಗಳಲ್ಲಿ ಎರಡು ಪ್ಲಸ್, ಮೂರು ಪ್ಲಸ್ ಕಬ್ಬಿಣ (ಎರಡು ಅಥವಾ ಮೂರು ಎಲೆಕ್ಟ್ರಾನ್ ಕಳೆದುಕೊಂಡವು) ಸಮನಾಗಿ ಬೆರೆತಿರುತ್ತವೆ. ಹೆಚ್ಚುವರಿ ಎಲೆಕ್ಟ್ರಾನ್ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತಲೇ ಇರುತ್ತದೆ, ಕರೆಂಟ್ ಅಂದರೆ ಅದೇ. ತಣ್ಣಗಾದಾಗ ಎಲೆಕ್ಟ್ರಾನ್‌ಗಳು ಕ್ರಮವಾಗಿ ಜಾಗ ಹಿಡಿದು ಕೂತುಬಿಡುತ್ತವೆ. ಸುತ್ತಲಿನ ಆಕ್ಸಿಜನ್ ಪರಮಾಣುಗಳೂ ಸ್ವಲ್ಪ ಸರಿದು ಅವನ್ನು ಅಲ್ಲೇ ಹಿಡಿದಿಡುತ್ತವೆ. ಇದೇ ಚಾರ್ಜ್ ಆರ್ಡರಿಂಗ್. ಆದರೆ ಈ ಎರಡು-ಮೂರು ಲೆಕ್ಕ ಪುಸ್ತಕದಲ್ಲಿರುವಷ್ಟು ನೇರವಲ್ಲ. ಸುಮಾರು 40 ಮೈಕ್ರಾನ್ ಗಾತ್ರದ ಹರಳಿನ ಮೇಲೆ ಎಕ್ಸ್‌ರೇ ಹಾಯಿಸಿ 2012ರಲ್ಲಿ ನೋಡಿದಾಗ, ಆ ಎಲೆಕ್ಟ್ರಾನ್ ಸಾಲಾಗಿರುವ ಮೂರು ಕಬ್ಬಿಣಗಳ ಮೇಲೆ ಹರಡಿಕೊಂಡಿರುವುದು ಕಂಡಿತು.

ಇನ್ನು ಕಾಂತದ ಮಾತು. ಮ್ಯಾಗ್ನೆಟೈಟ್‌ನಲ್ಲಿ ಕರೆಂಟ್ ನಿಂತರೂ ಅದು ಕಾಂತವಾಗಿಯೇ ಉಳಿಯುತ್ತದೆ. ಅದರ ಕಾಂತತೆಗೆ ಮುಖ್ಯ ಆಧಾರ ಕಬ್ಬಿಣಗಳ ನಡುವೆ ಆಕ್ಸಿಜನ್ ಮೂಲಕ ಬರುವ ಹಿಡಿತ, ಎಲೆಕ್ಟ್ರಾನಿನ ಜಿಗಿತವಲ್ಲ.

ಮ್ಯಾಂಗನೀಸ್ ಆಕ್ಸೈಡ್‌ಗಳ ಕಥೆಯೇ ಬೇರೆ, ನನಗಂತೂ ಅದೇ ಜಾಸ್ತಿ ಇಷ್ಟ. ಅಲ್ಲಿ ಎಲೆಕ್ಟ್ರಾನ್ ಸಲೀಸಾಗಿ ಜಿಗಿಯಬೇಕಾದರೆ ಅಕ್ಕಪಕ್ಕದ ಸ್ಪಿನ್‌ಗಳು (ಎಲೆಕ್ಟ್ರಾನ್‌ಗಳ ಪುಟ್ಟ ಕಾಂತಗಳು ಅನ್ನಿ) ಒಂದೇ ದಿಕ್ಕಿಗಿರಬೇಕು. ಜಿಗಿತ ನಿಂತರೆ ಸ್ಪಿನ್‌ಗಳನ್ನು ಒಟ್ಟಿಗಿಟ್ಟ ಅಂಟೂ ಹೋಯಿತು, ಅಲ್ವಾ? ನಿಯೋಡಿಮಿಯಂ, ಸ್ಟ್ರಾಂಷಿಯಂ ಅರ್ಧರ್ಧ ಇರುವ ಮ್ಯಾಂಗನೈಟ್ (ಇಂಥ ಮ್ಯಾಂಗನೀಸ್ ಆಕ್ಸೈಡಿನ ಹೆಸರು) ಸುಮಾರು 250 ಕೆಲ್ವಿನ್ ಕೆಳಗೆ ಲೋಹದಂತೆ ಕರೆಂಟ್ ಹರಿಸುವ ಕಾಂತ. 158 ಕೆಲ್ವಿನ್ ಆಸುಪಾಸಿನಲ್ಲಿ ಎಲೆಕ್ಟ್ರಾನ್‌ಗಳು ಕೂರುತ್ತವೆ. ಕರೆಂಟೂ ನಿಲ್ಲುತ್ತದೆ, ಸ್ಪಿನ್‌ಗಳೂ ಎದುರುಬದುರಾಗಿ ಕಾಂತತೆ ಹೋಗುತ್ತದೆ.

ಆಗ ಹೊರಗಿನಿಂದ ಬಲವಾದ ಕಾಂತಕ್ಷೇತ್ರ ಕೊಟ್ಟು ನೋಡಿ. ಸ್ಪಿನ್‌ಗಳು ಒಂದೇ ಕಡೆ ತಿರುಗುತ್ತವೆ, ಎಲೆಕ್ಟ್ರಾನ್‌ಗಳಿಗೆ ದಾರಿ ತೆರೆಯುತ್ತದೆ, ಆ ಕ್ರಮ ಕರಗಿಹೋಗಿ ರೋಧ ಸಾವಿರಾರು ಪಟ್ಟು ಕುಸಿಯುತ್ತದೆ. ಪ್ರಸಿಯೋಡಿಮಿಯಂ-ಕ್ಯಾಲ್ಸಿಯಂ ಮ್ಯಾಂಗನೈಟ್‌ನಲ್ಲಿ ಕ್ಯಾಲ್ಸಿಯಂ ಪಾಲು 0.3 ಇದ್ದು, ಹರಳು ತೀರಾ ತಣ್ಣಗಿದ್ದರೆ, ಕ್ಷೇತ್ರ ತೆಗೆದ ಮೇಲೂ ಕರೆಂಟ್ ಹರಿಯುತ್ತಲೇ ಇರುತ್ತದೆ. ಬಿಸಿ ಮಾಡಿದ ಮೇಲೆಯೇ ಎಲೆಕ್ಟ್ರಾನ್‌ಗಳು ಮತ್ತೆ ತಮ್ಮ ಜಾಗ ಹಿಡಿಯುವುದು.